ಬಿಸಿಯಾಗದ ಇಂಜಿನ್

ನಿಂತಲ್ಲಿ ನಡುಗುವುದು ನನ್ನ ಹಳೆಯ ಕಾರಿಗೆ ಚಾಳಿಯಾಗಿತ್ತು. ಗೇರು ತೆಗೆದು ನಿಲ್ಲಿಸಿದರೆ ಸ್ಟಿಯರಿಂಗ್ ಹಿಡಿದ ಕೈ ಮೊಣಕೈವರೆಗೆ ಅದುರುತ್ತಿತ್ತು. ಪೆಟ್ರೋಲನ್ನಂತೂ ನೀರಿನಂತೆ ಕುಡಿಯುತ್ತಿತ್ತು. ಬಸವಕಲ್ಯಾಣದ ಮನೆಯಿಂದ ಹುಮ್ನಾಬಾದಿನ ಶಾಲೆಗೆ ಪಾಠ ಹೇಳಲು ನಾನು ದಿನವೂ ಅದರಲ್ಲೇ ಹೋಗಿಬರುತ್ತಿದ್ದೆ.

ಕಾರು ನನ್ನ ಸಂಬಳದ್ದು, ಕಾಗದ ಅಣ್ಣನ ಹೆಸರಿನದ್ದು. ಕೊಳ್ಳುವಾಗ "ಹೆಣ್ಮಕ್ಕಳ ಹೆಸರಲೆ ಗಾಡಿ ಯಾಕ ಬೇಕು?" ಎಂದಿದ್ದ. ಒಪ್ಪಿದ್ದು ನನ್ನ ದಡ್ಡತನ. ಈಗ ಅವನೇ ಕಾರು ಮಾರಲು ಮೋರಖಂಡಿ ಊರಿನ ಒಬ್ಬರಿಗೆ ಭಾನುವಾರ ಬಂದು ಗಾಡಿ ನೋಡಿ ಒಯ್ಯಿರೆಂದು ಹೇಳಿಬಿಟ್ಟಿದ್ದ.

"ಇಂಜಿನ್ ಮುಗದಾದ. ನೀ ಬಸ್ಸಿಗಿ ಹೋಗು," ಎಂದ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲಿಗಳು ನಾನು. ನಡುವೆ ಎರಡು ವರ್ಷ ಓದು ಬಿಟ್ಟು ಬೇಳೆ ಮಿಲ್ಲಿನಲ್ಲಿ ಕಾಳು ಆರಿಸಿ, ಮತ್ತೆ ಕಾಲೇಜಿಗೆ ಹೋಗಿ ಬಿಎಸ್ಸಿ ಮುಗಿಸಿದವಳು. ಇಂಜಿನ್ ಮುಗಿದಿದೆ ಎಂದು ಯಾರೋ ಹೇಳಿದರೆ ತಲೆಯಾಡಿಸಿ ಸುಮ್ಮನಿರಲು ಅಷ್ಟು ಕಷ್ಟಪಟ್ಟಿರಲಿಲ್ಲ.

ಶನಿವಾರ ಶಾಲೆ ಬಿಟ್ಟ ಕೂಡಲೇ ಹುಮ್ನಾಬಾದಿನ ಗ್ಯಾರೇಜಿಗೆ ಹೋದೆ. ಅಲ್ಲಿನ ಮೇಸ್ತ್ರಿಯನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಅವನು ಆಗಲೇ ಎರಡು ಸಲ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬದಲಿಸಿದ್ದ.

"ಉಸ್ತಾದ್, ಪ್ಲಗ್ ಮತ್ತ ಕರ್ರಗ ಆಗ್ಯಾವ."

"ಗಾಡಿಗಿ ಏನೂ ಆಗಿಲ್ರಿ ಮೇಡಂ. ನಿಮ್ಮ ಕಾಲು ಭಾರ ಅದ. ರೇಸ್ ಭಾಳ ಒತ್ತತೀರಿ."

ಬೆಂಚಿನ ಮೇಲೆ ಕೂತಿದ್ದ ಗಿರಾಕಿಗಳು ನಕ್ಕರು.

"ಅದು ನಿಂತಾಗ ನಡಗತದ. ನಿಂತಾಗ ರೇಸ್ ಯಾರ ಒತ್ತತಾರ್ರಿ?"

ಅಷ್ಟಕ್ಕೇ ನಾನು ಬಿಡಲಿಲ್ಲ. "ಕಲ್ಯಾಣದಿಂದ ಇಲ್ಲೀತನ ಓಡಿಸಿದ್ರೂ ಬಿಸಿ ತೋರಸೋ ಮುಳ್ಳು ಮ್ಯಾಲ ಏಳಂಗಿಲ್ಲ. ಯಾಕ?"

"ಏಳಲಿಲ್ಲಂದ್ರ ಖುಷಿ ಪಡ್ರಿ. ಗಾಡಿ ಥಂಡಾ ಅದ."

"ಥಂಡಾ ಇರಾಕ ಅದೇನ್ ನೀರಿನ ರಂಜಣಗಿ ಏನ್ರಿ?"

ಇಂಜಿನ್ ಹದವಾಗಿ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಹೋಗಗೊಡದೆ ತಡೆಯುವ ಒಂದು ವಾಲ್ವ್ ಇರುತ್ತದೆ. ಅದನ್ನು ಬಿಚ್ಚಿ ತೋರಿಸು ಎಂದೆ. ಗೊಣಗುತ್ತ ಬಿಚ್ಚಿದ. ಒಳಗೆ ಏನೂ ಇರಲಿಲ್ಲ. ಅವನಿಗೆ ನಾಚಿಕೆಯೂ ಆಗಲಿಲ್ಲ.

"ಹ್ವಾದ ಬ್ಯಾಸಗ್ಯಾಗ ನಾನ ತೆಗದೀನ್ರಿ. ನಮ್ಮ ಬಿಸಲಿಗಿ ಅದ್ಯಾಕ? ಈ ಕಡಿ ಎಲ್ಲಾ ಗಾಡೀದೂ ತೆಗೀತೀವಿ."

"ನನ್ನ ಕೇಳಿದ್ರೇನು?"

"ನಿಮ್ಮ ಅಣ್ಣೋರಿಗಿ ಕೇಳೀನ್ರಿ. ತೆಗೀರಿ ಅಂದ್ರು."

ಕಾರು ನಡುಗತೊಡಗಿದ್ದು ಆ ಬೇಸಿಗೆಯ ನಂತರವೇ. ನೀರು ಸದಾ ತಣ್ಣಗಿದ್ದರೆ ಇಂಜಿನ್ ಈಗಷ್ಟೇ ಚಾಲೂ ಆಗಿದೆಯೆಂದು ಲೆಕ್ಕ ಹಿಡಿದು ಕಾರು ಹೆಚ್ಚು ಪೆಟ್ರೋಲ್ ಸುರಿದುಕೊಳ್ಳುತ್ತಲೇ ಇರುತ್ತದೆ. ಅದು ಪೂರಾ ಸುಡದೆ ಪ್ಲಗ್ ಕಪ್ಪಾಗುತ್ತದೆ. ಇದೆಲ್ಲ ಗೊತ್ತಿರದ ಇಬ್ಬರು ಗಂಡಸರಲ್ಲಿ ಒಬ್ಬ ಇಂಜಿನ್ ಮೇಲೆ, ಇನ್ನೊಬ್ಬ ನನ್ನ ಕಾಲಿನ ಮೇಲೆ ತಪ್ಪು ಹೊರಿಸಿದ್ದ. ಹೊಸ ವಾಲ್ವ್ ತರಿಸಿ, ಎದುರಿಗೇ ನಿಂತು ಹಾಕಿಸಿದೆ. ಪ್ಲಗ್‌ಗಳನ್ನೂ ಉಜ್ಜಿಸಿದೆ. ಮನೆಗೆ ಅರ್ಧ ದಾರಿ ಇರುವಾಗಲೇ ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು.

ಅಣ್ಣನಿಗೆ ಒಂದು ಮಾತೂ ಹೇಳಲಿಲ್ಲ.

ಭಾನುವಾರ ಮೋರಖಂಡಿಯವರು ಬಂದರು. ಬಾನೆಟ್ ಎತ್ತಿ ಚಾಲೂ ಮಾಡಿಸಿದರು. ಬಹಳ ಹೊತ್ತು ಕಿವಿಗೊಟ್ಟು ಕೇಳಿ ಅಣ್ಣನ ಕಡೆ ತಿರುಗಿದರು.

"ಇಂಜಿನ್ ಛಲೋ ಅದಲ್ಲರಿ. ಮುಗದಾದ ಅಂದಿದ್ರಿ? ಯಾಕ ಮಾರಾಕತ್ತೀರಿ?"

ಅಣ್ಣ ನನ್ನನ್ನು ದಿಟ್ಟಿಸಿದ. "ಆಕಿಗಿ ನಡಸಾಕ ಬರಂಗಿಲ್ಲ."

"ನಿನ್ನಿ ಇದನ್ನ ರಿಪೇರಿ ಮಾಡಿಸಿ ನಡಸಕೊಂಡ ಬಂದಾಕಿ ನಾನ," ಎಂದೆ. "ವಾಲ್ವ್ ತೆಗೀರಿ ಅಂದಾವ ಇವ. ಗಾಡಿ ಕೊಡಂಗಿಲ್ರಿ."

"ಎಲ್ಲಾರ ಮುಂದ ಮರ್ಯಾದಿ ತೆಗೀತೀ ಏನ?" ಎಂದು ಅಣ್ಣ ಚೀರಿದ.

"ನನ್ನ ಮರ್ಯಾದಿ ತೆಗದಾಗ ನಿನಗ ಹಂಗ ಅನಸಲಿಲ್ಲೇನು?"

ಮನೆಯಲ್ಲಿ ಮಾತಾಡಿಕೊಂಡು ಹೇಳಿರೆಂದು ಬಂದವರು ಹೊರಟುಹೋದರು. ಅಣ್ಣ ತಿಂಗಳುಗಟ್ಟಲೆ ನನ್ನೊಂದಿಗೆ ಮಾತು ಬಿಟ್ಟ. ಬಿಡಲಿ. ಮರುದಿನ ಸೋಮವಾರ ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು ನೋಡುತ್ತಿರುವಾಗಲೇ ನಾನು ಕಾರು ತೆಗೆದುಕೊಂಡು ಶಾಲೆಗೆ ಹೋದೆ.