ಮುಳ್ಳು ನಿಲ್ಲುವವರೆಗೆ

ಮೊನ್ನೆ ನಮ್ಮ ಎಸ್ಟೇಟಿನ ಸ್ಟೋರ್ ರೂಮಿಗೆ ಹೊಸ ಎಲೆಕ್ಟ್ರಾನಿಕ್ ತೂಕದ ಯಂತ್ರ ಬಂತು. ಹಳೆಯದನ್ನು ಮೂಲೆಗೆ ತಳ್ಳುವಾಗ ಹುಳಿತ ಕಾಫಿ ಹಣ್ಣಿನ ವಾಸನೆ ಎದ್ದಿತು. ಕೆಳಗೆ ಚೀಲ ಇಡುವ ಕಬ್ಬಿಣದ ತಟ್ಟೆ, ಮೇಲೆ ಗಡಿಯಾರದಂಥ ದೊಡ್ಡ ಮುಖ, ಅದರಲ್ಲೊಂದು ಮುಳ್ಳು. ಗುಜರಿಗೆ ಹಾಕೋಣವೇ ಎಂದು ಸಾಹುಕಾರರು ಕೇಳಿದರು. ಬೇಡ ಎಂದೆ. ಕಾರಣ ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ನಾನು ಬಾಳ್ಳುಪೇಟೆ ಕಡೆಯ ಈ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವನು. ಸಂಜೆ ಆಳುಗಳು ಕೊಯ್ದು ತಂದ ಹಣ್ಣಿನ ಚೀಲ ತೂಗಿ, ತೂಕ ಕೂಗಿ ಹೇಳುವುದು ನನ್ನ ಕೆಲಸ. ನನಗೆ ಹುಟ್ಟಿನಿಂದಲೇ ಅವಸರ. ಊಟಕ್ಕೆ ಕೂತರೆ ಸಾರು ಬರುವ ಮೊದಲೇ ಮಜ್ಜಿಗೆ ಕೇಳುವವನು. ಮುಳ್ಳು ಆಡುತ್ತಿರುವಾಗಲೇ ಒಂದು ಅಂದಾಜು ಕೂಗಿಬಿಡುತ್ತಿದ್ದೆ. ಅದನ್ನು ಒಪ್ಪದವರು ಒಬ್ಬರೇ, ಕೂಲಿಯವರ ಲೈನ್ ಮನೆಯ ಸಿದ್ದಮ್ಮ. "ನಿಲ್ರೀ ರೈಟ್ರೇ, ಮುಳ್ಳು ನಿಲ್ಲಲಿ" ಎನ್ನುವುದು ಅವರ ದಿನನಿತ್ಯದ ಪಾಠ.

ಎರಡು ವರ್ಷದ ಹಿಂದೆ ಒಂದು ಸಂಜೆ ನಾನು ಹಾಗೇ ಕೂಗಿ, ಅವರ ಚೀಲ ಇಳಿಸಲು ಕೈಹಾಕಿದೆ. ಮುಳ್ಳು ನೋಡಲು ಸಿದ್ದಮ್ಮ ಮುಂದೆ ಬಗ್ಗಿದರು. ನೆಲದಲ್ಲಿ ಚೆಲ್ಲಿದ್ದ ಹಣ್ಣಿನ ಮೇಲೆ ಕಾಲು ಜಾರಿತು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು.

ಹಾಸನದಲ್ಲಿ ರಾಡು, ಸ್ಕ್ರೂ ಹಾಕಿ ಕೂಡಿಸಿದರು. ಮೂಳೆ ಮೆದುವಾಗಿದೆ, ಹೆಚ್ಚು ಭಾರ ಬಿಟ್ಟರೆ ಸ್ಕ್ರೂ ಕಿತ್ತು ಬರಬಹುದು ಎಂದರು ಡಾಕ್ಟರು. ಹಾಗಂತ ಮಲಗಿಯೇ ಇದ್ದರೆ ಮತ್ತೆ ಏಳುವುದು ಕಷ್ಟ. ಸದ್ಯಕ್ಕೆ ಆ ಕಾಲಿಗೆ ಇಪ್ಪತ್ತು ಕೆ.ಜಿ. ಸಾಕು, ಆಮೇಲೆ ನಿಧಾನಕ್ಕೆ ಜಾಸ್ತಿ. ಇಪ್ಪತ್ತು ಕೆ.ಜಿ. ಎಂದರೆ ಎಷ್ಟೆಂದು ಕಾಲಿಗೆ ಹೇಗೆ ಗೊತ್ತಾಗಬೇಕು ಹೇಳಿ? ಸಿದ್ದಮ್ಮ ಹೆದರಿ ಮಂಚದಿಂದ ಇಳಿಯಲೇ ಇಲ್ಲ. ನೋಡಲು ಹೋದ ನಾನು ತಪ್ಪಾಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು: "ಬೀಳ್ಸಿದೋರು ನೀವೇ ಕಣ್ರೀ. ಆ ತೂಕದ ಮಿಷಿನ್ ತಂದು ನನ್ನ ನಿಲ್ಸೋರೂ ನೀವೇ." ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನದಿಂದ ಯಂತ್ರ ದಿನಾ ಬೆಳಿಗ್ಗೆ ಲೈನಿನ ಜಗಲಿಗೆ. ಆಪರೇಷನ್ ಆದ ಕಾಲು ಅದರ ಮೇಲೆ, ಇನ್ನೊಂದು ಕಾಲು ಅಷ್ಟೇ ಎತ್ತರಕ್ಕೆ ಜೋಡಿಸಿದ ಹಲಗೆಯ ಮೇಲೆ, ಕೈಯಲ್ಲಿ ವಾಕರ್, ಹಿಂದೆ ಮಗಳು. ನಾನು ಮುಳ್ಳಿನ ಮುಂದೆ ಕುಕ್ಕರಗಾಲಲ್ಲಿ. ಅದು ಇಪ್ಪತ್ತು ದಾಟಿದರೆ ಸಾಕು ಸಾಕು ಎಂದು ಕೂಗುತ್ತಿದ್ದೆ.

ಮೂರು ತಿಂಗಳಿಗೆ ಎಕ್ಸ್‌ರೇ ನೋಡಿದ ಡಾಕ್ಟರು, ಮೂಳೆ ಕೂಡಿದೆ, ಪೂರ್ತಿ ಭಾರ ಬಿಡಬಹುದು ಎಂದರು. ಅಂದು ಸಿದ್ದಮ್ಮ ಮಗಳ ಭುಜದ ಮೇಲೆ ಎರಡೇ ಬೆರಳಿಟ್ಟು, ಹಲಗೆಯ ಮೇಲಿನ ಕಾಲನ್ನು ಎತ್ತಿದರು. ಮುಳ್ಳು ನಲವತ್ತರ ಸುತ್ತ ನಡುಗತೊಡಗಿತು.

"ಎಷ್ಟೈತೆ ಹೇಳ್ರೀ ಮಾರಾಯ್ರೆ."

"ಮುಳ್ಳು ಇನ್ನೂ ನಿಂತಿಲ್ಲ ಸಿದ್ದಮ್ಮ."

ಅವರು ನಕ್ಕುಬಿಟ್ಟರು. ಆ ನಗುವಿಗೆ ಮುಳ್ಳು ಇನ್ನಷ್ಟು ಕುಣಿದು, ಆಮೇಲೆ ನಿಂತಿತು. ಇಡೀ ಲೈನಿಗೆ ಕೇಳುವಂತೆ ತೂಕ ಕೂಗಿದೆ.

ಹೊಸ ಯಂತ್ರಕ್ಕೆ ಮುಳ್ಳಿಲ್ಲ, ಕೆಂಪು ಅಂಕಿಗಳು ಹೊಯ್ದಾಡಿ ನಿಲ್ಲುತ್ತವೆ. ನಿನ್ನೆ ಸಂಜೆ ಒಂದು ಚೀಲ ಇಟ್ಟು ಕಾಯುತ್ತಿದ್ದೆ. ಈಗ ಕೈಗೆಟಕುವ ರೆಂಬೆಯ ಹಣ್ಣನ್ನಷ್ಟೇ ಕೊಯ್ಯುವ ಸಿದ್ದಮ್ಮ, ಕೋಲೂರಿಕೊಂಡು ಸಾಲಿನಲ್ಲಿದ್ದರು.

"ಎಷ್ಟೊತ್ತು ರೈಟ್ರೇ, ನಿಂತು ನಿಂತು ಕಾಲು ಸೋತೋಯ್ತು. ಬೇಗ ಕೂಗ್ರೀ."

ಅಂಕಿ ಆಗಲೇ ನಿಂತಿತ್ತು. ಆದರೆ ಅವರು ಹಾಗೆ ನಿಂತಿರುವುದನ್ನು ಇನ್ನೊಂದು ಚೂರು ಹೊತ್ತು ನೋಡೋಣ ಅನ್ನಿಸಿತು. ಕೂಗಲಿಲ್ಲ.