ನಲ್ಲಿಯ ಪಾಳಿ, ಅತ್ತೆಯ ಪಾಳಿ

ನನ್ನ ತವರು ಹರಿಹರ. ಹೊಳೆಯ ಊರಿನಲ್ಲಿ ಬೆಳೆದ ನಾನು ನೀರಿಗಾಗಿ ಜಡೆಜಗಳ ನೋಡಿದ್ದು ಮದುವೆಯಾಗಿ ದಾವಣಗೆರೆಯ ನಿಟ್ಟುವಳ್ಳಿಗೆ ಬಂದಮೇಲೆ. ಅರವತ್ತರ ದಶಕದ ಆರಂಭ. ಓಣಿಗೆಲ್ಲ ಒಂದೇ ನಲ್ಲಿ, ಅದೂ ಬೆಳಗಿನ ಜಾವ ಒಂದಿಷ್ಟು ಹೊತ್ತು. ಹೊಲಮನೆಯುಳ್ಳ ಹಳೆಯ ಮನೆಗಳವರು ಮೊದಲು ತುಂಬಿಕೊಳ್ಳುವರು. ಬಾಡಿಗೆ ವಠಾರದ ಹೆಂಗಸರ ಕೊಡ ತುಂಬುವ ಮೊದಲೇ ಮಿಲ್ಲಿನ ಸೈರನ್ ಕೂಗುತ್ತಿತ್ತು. ಅವರ ಗಂಡಂದಿರು ಬುತ್ತಿಯಿಲ್ಲದೆ ಕೆಲಸಕ್ಕೆ ಓಡುವರು.

ಒಂದು ದಿನ ಕೊಡಗಳು ಹಾರಿ, ವಠಾರದವಳೊಬ್ಬಳ ಹಣೆ ಒಡೆಯಿತು. ಎರಡೂ ಕಡೆಯ ಮಕ್ಕಳಿಗೆ ಅಕ್ಷರ ಕಲಿಸುವವಳು ನಾನೇ ಆದ್ದರಿಂದ ಮಾತುಕತೆ ನಡೆಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಹಳೆಯ ಮನೆಗಳ ಮುಂದಾಳು ಸಾಕ್ಷಾತ್ ನನ್ನ ಅತ್ತೆ. ಅತ್ತ ದರಿ, ಇತ್ತ ಪುಲಿ.

ಸಂಜೆ ಗುಡಿಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದೆಂದೆ. ಎರಡೂ ಕಡೆಗೆ ಸಮನಾಗಿದ್ದೇನೆಂದು ಒಳಗೊಳಗೇ ಬೀಗುತ್ತಿದ್ದೆ. ಅತ್ತೆಯ ಪಾಳಿ ಬಂತು. ಅವರು ಎದ್ದರು. ನಾನೂ ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತೆ. ಸೊಸೆಯಾದವಳ ಅಭ್ಯಾಸ, ನನಗೆ ಗೊತ್ತೇ ಆಗಲಿಲ್ಲ.

ಹಣೆಗೆ ಬಟ್ಟೆ ಕಟ್ಟಿಕೊಂಡಿದ್ದವಳು ಅಂದಳು: “ಟೀಚರಮ್ಮಾ, ಅವ್ರು ಎದ್ರೆ ನೀವೂ ಎದ್ರಿ. ನಾನು ಮಾತಾಡಿದಾಗ ಕುಂತೇ ಇದ್ರಿ. ನ್ಯಾಯ ಯಾವ ಕಡೆ ಐತೆ ಅಂತ ಗೊತ್ತಾತು ಬಿಡ್ರಿ.”

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸುಳ್ಳೇಕೆ, ಅತ್ತೆಯೆದುರು ಕೂರುವ ಧೈರ್ಯ ನನಗಿರಲಿಲ್ಲ. ಆದರೆ ಎಲ್ಲರೆದುರೂ ನಿಲ್ಲಬಹುದಲ್ಲ!

“ನೀವಂದಿದ್ದು ಖರೆ. ಇನ್ನ ಯಾರು ಮಾತಾಡಿದ್ರೂ ನಿಂತೇ ಕೇಳ್ತೀನಿ. ನೀವು ಮೊದ್ಲಿಂದ ಹೇಳ್ರಿ,” ಎಂದೆ.

ಅವಳು ಶುರುಮಾಡಿದಳೋ ಇಲ್ಲವೋ, ಅತ್ತೆ ನಡುವೆ ಗುಡುಗಿದರು: “ನಿನ್ನೆ ಮೊನ್ನೆ ಬಂದೋರಿಗೆ ಮೊದಲ ಕೊಡ ಯಾಕ?”

“ಅತ್ತೇ, ಅವರ ಪಾಳಿ ಮುಗೀಲಿ. ನೀವು ಕುಂದ್ರಿ.”

ಅತ್ತೆಗೆ ಹಾಗೆ ಹೇಳುವ ಧೈರ್ಯ ಮಾವನವರಿಗೂ ಇರಲಿಲ್ಲ. ಆದರೂ ನಾನು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಅತ್ತೆ ಕುಳಿತರು.

ಸೈರನ್ನಿಗೆ ಮೊದಲು ವಠಾರದವರಿಗೆ ಮನೆಗೆ ಎರಡು ಕೊಡ, ಆಮೇಲೆ ಉಳಿದವರಿಗೆ ಎಂದು ಒಪ್ಪಂದವಾಯಿತು. ಮರುದಿನದಿಂದ ಗಂಡಸರು ಬುತ್ತಿ ಹಿಡಿದು ಮಿಲ್ಲಿಗೆ ಹೋದರು. ಅತ್ತೆ ಮಾತ್ರ ಹದಿನೈದು ದಿನ ನನ್ನೊಡನೆ ಮಾತಾಡಲಿಲ್ಲ. ಒಲೆಯ ಮುಂದೆ ಕೂತು ಅತ್ತಿದ್ದೇನೆ. ಆದರೆ ತಪ್ಪು ಮಾಡಿದೆ ಎಂದು ಒಮ್ಮೆಯೂ ಅನಿಸಲಿಲ್ಲ.

ಆಮೇಲೊಂದು ದಿನ ಪಕ್ಕದ ಓಣಿಯ ಹೆಂಗಸರು ತಮ್ಮ ನಲ್ಲಿಯ ಜಗಳ ಹೊತ್ತು ಬಾಗಿಲಿಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಳಗಿನಿಂದ ಕೂಗಿದರು:

“ಈಕಿನ್ನೇ ಕರ್ಕಂಡು ಹೋಗ್ರಿ. ನನ್ನೇ ಕುಂದ್ರಿಸಿದಾಕಿ, ನಿಮ್ಮನ್ನ ಬಿಡ್ತಾಳಾ?”