ಶನಿವಾರ ನಿಲ್ಲುವ ಕ್ಯಾಮೆರಾ

ಕೊರೋನಾ ಕಳೆದು ಜನ ಮತ್ತೆ ಧೈರ್ಯವಾಗಿ ಸುತ್ತಾಡಲು ಶುರು ಮಾಡಿದ್ದ ವರ್ಷ. ನಾನು ಹೊಸೂರಿನ ಒಂದು ವಾಹನ ಕಾರ್ಖಾನೆಯ ವೈರಿಂಗ್ ವಿಭಾಗದಿಂದ ನಿವೃತ್ತನಾಗಿ, ಜೂಜುವಾಡಿಯಲ್ಲಿ ಲಾರಿಗಳ ಎಲೆಕ್ಟ್ರಿಕಲ್ ಕೆಲಸದ ಸಣ್ಣ ಅಂಗಡಿ ಇಟ್ಟಿದ್ದೆ. ಸರ್ವಿಸಿನುದ್ದಕ್ಕೂ ನನ್ನ ಕೈಗೆ ಬಂದದ್ದು ನೆಲದ ಮೇಲೆ ಓಡುವ ಗಾಡಿಗಳೇ. ಹಾಗಾಗಿ ಗೋವಿಂದಪ್ಪನವರು ಫೋನ್ ಮಾಡಿ, ನೀರಿನ ಮೇಲೆ ಓಡುವ ಬೋಟಿಗೆ ಕ್ಯಾಮೆರಾ ಕೂರಿಸಬೇಕು ಎಂದಾಗ ಮೊದಲು ಒಪ್ಪಿಕೊಂಡೆ, ಹೇಗೆ ಮಾಡುವುದು ಎಂದು ಆಮೇಲೆ ಯೋಚಿಸಿದೆ.

ಗೋವಿಂದಪ್ಪ ಕೃಷ್ಣಗಿರಿ ಕಡೆಯ ಒಂದು ಜಲಾಶಯದಲ್ಲಿ ದೋಣಿ ವಿಹಾರ ನಡೆಸುತ್ತಿದ್ದರು. ಸ್ಪೀಡ್ ಬೋಟಿಗೆ ಹಗ್ಗ ಕಟ್ಟಿ, ಗಾಳಿ ತುಂಬಿದ ದೊಡ್ಡ ಟ್ಯೂಬಿನ ಮೇಲೆ ಜನರನ್ನು ಕೂರಿಸಿ ನೀರಿನಲ್ಲಿ ಎಳೆಯುವುದು ಅಲ್ಲಿಯ ಮುಖ್ಯ ಆಟ. ಬೋಟು ಓಡಿಸುತ್ತಿದ್ದವಳು ಕೆಲಮಂಗಲದ ಪದ್ಮ. ಅಪ್ಪನ ಟ್ರ್ಯಾಕ್ಟರಿನಲ್ಲಿ ಕೈ ಪಳಗಿಸಿಕೊಂಡು, ಆಮೇಲೆ ತರಬೇತಿ ಪಡೆದು ಬೋಟಿನ ಲೈಸೆನ್ಸ್ ತೆಗೆದುಕೊಂಡವಳು. ಹೆಂಗಸು ಓಡಿಸುತ್ತಾಳೆಯೇ ಎಂದು ಮೂಗು ಮುರಿಯುವ ಗಿರಾಕಿಗಳಿಗೆ ಬರವಿರಲಿಲ್ಲ. ಕ್ಯಾಮೆರಾ ಬೇಕೆಂದು ಯಜಮಾನರ ಬೆನ್ನು ಬಿದ್ದವಳೂ ಅವಳೇ. “ನಾನು ಹೆಂಗ್ ಓಡಿಸ್ತೀನಿ ಅಂತ ಅದೇ ಯೋಳ್ಲಿ ಬುಡಣ್ಣ,” ಎಂದಳು ನನಗೆ.

ಬೋಟಿನ ನಡುವೆ ಹಗ್ಗ ಕಟ್ಟುವ ಅಲ್ಯುಮಿನಿಯಂ ಕಂಬವಿತ್ತು. ಅದರ ತುದಿಗೆ ಕ್ಲ್ಯಾಂಪ್ ಹಾಕಿ, ಹಿಂದಿನ ಟ್ಯೂಬ್ ಕಾಣುವಂತೆ ಆಕ್ಷನ್ ಕ್ಯಾಮೆರಾ ಕೂರಿಸಿದೆ. ಬಿಸಿಲಿಗೆ ಈ ಕ್ಯಾಮೆರಾಗಳು ಬೇಗ ಕಾದುಬಿಡುತ್ತವೆ. ಒಳಗಿನ ಬ್ಯಾಟರಿ ತೆಗೆದರೆ ಕಾವು ಕಡಿಮೆ. ಆದ್ದರಿಂದ ಬೋಟಿನ ಹನ್ನೆರಡು ವೋಲ್ಟ್ ಬ್ಯಾಟರಿಯಿಂದ ಫ್ಯೂಸ್ ಮೂಲಕ ಲೈನ್ ಎಳೆದು, ಕನ್ವರ್ಟರಿನಲ್ಲಿ ಐದು ವೋಲ್ಟಿಗೆ ಇಳಿಸಿ, ಸ್ಟೇರಿಂಗ್ ಪಕ್ಕ ಒಂದು ಸ್ವಿಚ್ ಇಟ್ಟು, ಕಂಬದ ಗುಂಟ ಕೇಬಲ್ ಹತ್ತಿಸಿ ಕೊಟ್ಟೆ. ಕೇಬಲ್ ಪ್ಲಗ್ಗಿಗೆ ಸೇರುವ ಮೊದಲು ಒಂದು ಕುಣಿಕೆಯ ಹಾಗೆ ಕೆಳಕ್ಕೆ ಇಳಿದು ಮತ್ತೆ ಮೇಲಕ್ಕೆ ಹೋಗಬೇಕು. ಇದಕ್ಕೆ ಡ್ರಿಪ್ ಲೂಪ್ ಎನ್ನುತ್ತೇವೆ. ಕೇಬಲ್ ಮೇಲೆ ಹರಿದುಬರುವ ನೀರು ಪ್ಲಗ್ಗಿನೊಳಗೆ ಹೋಗದೆ ಕುಣಿಕೆಯ ತಳದಲ್ಲಿ ತೊಟ್ಟಿಕ್ಕಿ ಬೀಳುತ್ತದೆ. ಕಾರ್ಖಾನೆಯಲ್ಲಿ ಕಲಿತ ಈ ಪಾಠವನ್ನು ನೀರಿನ ನಡುವೆ ಬಳಸಿದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಗಿತ್ತು.

ಒಂದು ತಿಂಗಳಾಗಿರಬೇಕು, ಗೋವಿಂದಪ್ಪನವರ ಫೋನ್ ಬಂತು. ಶನಿವಾರ ಒಬ್ಬ ಹುಡುಗ ತಿರುವಿನಲ್ಲಿ ಟ್ಯೂಬಿನಿಂದ ಬಿದ್ದು ಭುಜ ಉಳುಕಿಸಿಕೊಂಡಿದ್ದ. ಡ್ರೈವರ್ ಒರಟಾಗಿ ತಿರುಗಿಸಿದಳು ಎಂದು ಮನೆಯವರು ಜಗಳಕ್ಕೆ ನಿಂತಿದ್ದರು. ವಿಡಿಯೋ ನೋಡೋಣವೆಂದರೆ, ಸರಿಯಾಗಿ ತಿರುವಿಗೆ ಮುಂಚೆ ಕ್ಯಾಮೆರಾ ನಿಂತುಹೋಗಿದೆ. ಹಳೆಯ ಕ್ಲಿಪ್ಪುಗಳನ್ನು ತೆಗೆದು ನೋಡಿದರೆ ಹಾಗೆ ನಿಂತದ್ದು ಅದೇ ಮೊದಲಲ್ಲವಂತೆ.

“ಅವ್ಳೇ ಆಫ್ ಮಾಡ್ತಾವ್ಳೆ ಸಾರ್. ಸ್ವಿಚ್ಚು ಅವ್ಳ ಕೈಗೇ ಅಲ್ವಾ ಇರೋದು? ಒಂದ್ಕಿತ ನೋಡಿ ಯೋಳ್ಬುಡಿ. ವೈರಿಂಗ್ ಸರಿಯಾಗೈತೆ ಅಂದ್ರೆ ಬರೋ ಭಾನುವಾರದಿಂದ ಅವ್ಳು ಸ್ಟೇರಿಂಗ್ ಮುಟ್ಟಂಗಿಲ್ಲ, ಲೈಫ್ ಜಾಕೆಟ್ ಕೊಡ್ತಾ ಕೂತಿರ್ಲಿ,” ಎಂದರು.

ಗುರುವಾರ ಗಿರಾಕಿ ಕಡಿಮೆ, ಬೋಟು ತೊಳೆಯುವ ದಿನ. ಅಂದೇ ಹೋದೆ. ಫ್ಯೂಸ್ ನೋಡಿದೆ, ಕನ್ವರ್ಟರ್ ನೋಡಿದೆ, ಇಂಜಿನ್ ಸ್ಟಾರ್ಟ್ ಮಾಡಿಸಿ ವೋಲ್ಟೇಜ್ ಕುಸಿಯುತ್ತದೆಯೇ ಎಂದು ಅಳೆದೆ. ಪದ್ಮಳ ಪಕ್ಕದಲ್ಲಿ ಕೂತು ಅದೇ ತಿರುವನ್ನು ಮತ್ತೆ ಮತ್ತೆ ಹಾಕಿಸಿದೆ. ಕ್ಯಾಮೆರಾ ಒಮ್ಮೆಯೂ ನಿಲ್ಲಲಿಲ್ಲ. ನಾನು ದಡಕ್ಕೆ ಬಂದು ಎಲ್ಲ ಸರಿಯಾಗಿದೆ ಎಂದೆ. ಆ ಮಾತು ಅವಳ ಪಾಲಿಗೆ ಏನಾಯಿತು ಎಂಬುದು ಅವಳ ಮುಖ ನೋಡಿದ ಮೇಲೆ ನನಗೆ ಹೊಳೆಯಿತು.

“ನಾನೇ ಕೇಳಿ ಆಕಿಸ್ಕಂಡ ಕ್ಯಾಮೆರಾನ ನಾನ್ಯಾಕಣ್ಣ ಆಫ್ ಮಾಡ್ಲಿ?” ಎಂದಳು. ಅಷ್ಟೇ. ಅಳಲಿಲ್ಲ, ಜಗಳವಾಡಲಿಲ್ಲ, ಬೋಟು ಒರೆಸಲು ಹೋದಳು.

ಕಾರಣ ತಿಳಿಯದೆ ಊಟ ರುಚಿಸದ ಜಾಯಮಾನ ನನ್ನದು. ಇದಕ್ಕಾಗಿ ಮನೆಯಲ್ಲಿ ಬೈಸಿಕೊಂಡಿದ್ದೇನೆ ಕೂಡ. ಕ್ಲಿಪ್ಪುಗಳನ್ನೆಲ್ಲ ಫೋನಿಗೆ ಹಾಕಿಸಿಕೊಂಡು ಬಂದು ಅಂಗಡಿಯಲ್ಲಿ ಕೂತು ನೋಡಿದೆ. ನಿಂತುಹೋದವೆಲ್ಲ ಶನಿವಾರ, ಭಾನುವಾರದವೇ. ಚಿತ್ರದಲ್ಲಿ ವಿಶೇಷವೇನೂ ಕಾಣಲಿಲ್ಲ: ನೀರು, ಟ್ಯೂಬು, ಬಾಯಿ ತೆರೆದು ಕಿರುಚುವ ಜನ. ಆಮೇಲೆ ಕಣ್ಣು ಮುಚ್ಚಿ ಬರೀ ಸದ್ದು ಕೇಳಿದೆ. ಇಂಜಿನ್ನಿನ ಗದ್ದಲದ ನಡುವೆ ಟಕ್, ಟಕ್ ಎಂದು ಏನೋ ಕಂಬಕ್ಕೆ ಬಡಿಯುತ್ತಿತ್ತು. ಬೋಟಿನ ವೇಗ ಹೆಚ್ಚಿದಂತೆ ಬಡಿತವೂ ಜೋರಾಗುತ್ತಿತ್ತು. ಕೊನೆಗೆ ಒಂದು ದೊಡ್ಡ ಟಕ್, ಅಲ್ಲಿಗೆ ವಿಡಿಯೋ ಬಂದ್. ಗುರುವಾರ ನಾನು ತೆಗೆಸಿದ ಕ್ಲಿಪ್ಪುಗಳಲ್ಲಿ ಆ ಸದ್ದೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಯಾರಿಗೂ ಹೇಳದೆ ಹೋದೆ. ಬೋಟು ದಡದಲ್ಲಿತ್ತು, ಗೋವಿಂದಪ್ಪ, ಪದ್ಮ ಇಬ್ಬರೂ ಅಲ್ಲೇ ಇದ್ದರು. ನನ್ನ ಡ್ರಿಪ್ ಲೂಪಿಗೆ ನೂಲಿನಲ್ಲಿ ಪೋಣಿಸಿದ ಎರಡು ದಪ್ಪ ನಿಂಬೆಹಣ್ಣು, ಹಸಿಮೆಣಸಿನಕಾಯಿ, ಕೆಳಗೊಂದು ಇದ್ದಿಲ ಚೂರು ಜೋತಾಡುತ್ತಿದ್ದವು. ನಮ್ಮ ಕಡೆ ಲಾರಿ, ಟ್ರ್ಯಾಕ್ಟರ್, ಅಂಗಡಿ ಬಾಗಿಲು, ಎಲ್ಲಿ ನೋಡಿದರೂ ಅದು ಇದ್ದೇ ಇರುತ್ತದೆ. ಎಷ್ಟು ಸಾಮಾನ್ಯವೆಂದರೆ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಪದ್ಮಳಿಗೂ ಹಾಗೇ ಆಗಿತ್ತು.

“ಇದನ್ನ ಇಲ್ಲಿ ಕಟ್ಟಿದ್ಯಾರು?” ಎಂದೆ.

“ನಾನೇ ಸಾರ್,” ಎಂದರು ಗೋವಿಂದಪ್ಪ, ಕೊಂಚ ಹೆಮ್ಮೆಯಿಂದಲೇ. “ಹೊಸಾ ಕ್ಯಾಮೆರಾ, ಬಂದೋರೆಲ್ಲಾ ಅದ್ನೇ ನೋಡ್ತಾರೆ. ದಿಷ್ಟಿ ಆಗ್ಬಾರ್ದು ಅಂತ ಶುಕ್ರವಾರ ಪೂಜೆ ಮಾಡಿ ಕಟ್ತೀನಿ. ಗುರುವಾರ ತೊಳೆಯೋವಾಗ ಬಿಚ್ಚಿ ನೀರಿಗೆ ಬುಡೋದು. ನೀವು ದಿಷ್ಟಿ ಕಟ್ಟಕ್ಕೇ ಅಂತ ಕೊಕ್ಕೆ ಬುಟ್ಟಿದ್ರಲ್ಲಾ, ಬೋ ಅನುಕೂಲ ಆಯ್ತು.”

ನಗು ಬಂತು, ಆದರೆ ಪದ್ಮ ಪಕ್ಕದಲ್ಲೇ ನಿಂತಿದ್ದಳು, ನುಂಗಿಕೊಂಡೆ. ಗೋವಿಂದಪ್ಪನವರನ್ನು ಬೋಟಿಗೆ ಹತ್ತಿಸಿದೆ. ಇಷ್ಟು ವರ್ಷ ಬೋಟುಗಳ ಯಜಮಾನರಾಗಿದ್ದರೂ ಅವರಿಗೆ ನೀರೆಂದರೆ ದಿಗಿಲು. ಸೀಟಿನ ಅಂಚು ಗಟ್ಟಿಯಾಗಿ ಹಿಡಿದು ಕೂತರು. ಪದ್ಮಳ ಕೈ ನೋಡಬೇಡಿ, ಕಂಬ ನೋಡಿ ಎಂದೆ. ವೇಗ ಏರಿದಂತೆ ನಿಂಬೆಹಣ್ಣು ಕುಣಿಯತೊಡಗಿತು, ಇದ್ದಿಲು ಕಂಬಕ್ಕೆ ಟಕ್ ಟಕ್ ಬಡಿಯಿತು. ತಿರುವಿಗೆ ಬೋಟು ವಾಲಿದಾಗ ಇಡೀ ಸರ ಹೊರಕ್ಕೆ ಬೀಸಿ ಕೇಬಲ್ ಜಗ್ಗಿತು. ಪ್ಲಗ್ ಒಂದು ಎಳೆಯಷ್ಟು ಈಚೆ ಬಂತು, ಕ್ಯಾಮೆರಾದ ಕೆಂಪು ದೀಪ ಆರಿತು. ಒಳಗೆ ಬ್ಯಾಟರಿ ಇಲ್ಲದ್ದರಿಂದ ಕ್ಷಣ ಮಾತ್ರ ಕರೆಂಟ್ ತಪ್ಪಿದರೂ ರೆಕಾರ್ಡಿಂಗ್ ನಿಲ್ಲುತ್ತದೆ. ಪದ್ಮಳ ಎರಡು ಕೈಯೂ ಸ್ಟೇರಿಂಗಿನ ಮೇಲಿದ್ದವು.

ದಡಕ್ಕೆ ಬಂದೆವು. ನಾನು ಕುಣಿಕೆಯ ಎರಡೂ ಬದಿಗೆ ಕ್ಲಿಪ್ ಹಾಕಿ ಕೇಬಲನ್ನು ಕಂಬಕ್ಕೆ ಬಿಗಿದೆ. ನಿಂಬೆಹಣ್ಣಿಗೆ ಬೋಟಿನ ಮೂತಿಯಲ್ಲಿ ಬೇರೆಯೇ ಕೊಕ್ಕೆ ಹಾಕಿಕೊಟ್ಟೆ. ಅದನ್ನು ತೆಗೆದು ಎಸೆಯಿರಿ ಎನ್ನಲು ನಾನ್ಯಾರು?

“ಆಫ್ ಮಾಡ್ಲಿಲ್ಲ ಅಂತ ಗೊತ್ತಾಯ್ತು ಕಣಮ್ಮ,” ಎಂದರು ಗೋವಿಂದಪ್ಪ ಪದ್ಮಳಿಗೆ. “ಆದ್ರೆ ಆವತ್ತು ತಿರುಗ್ಸಿದ್ದು ಹೆಂಗೋ, ಅದು ಯಾರ್ಗೂ ಕಾಣ್ಲಿಲ್ವಲ್ಲ.”

ಪದ್ಮ ಒಂದು ಲೈಫ್ ಜಾಕೆಟ್ ತಂದು ಅವರ ಕೈಗಿಟ್ಟಳು. “ದಿನಾ ತಿರುಗ್ಸೋ ಹಂಗೇ ತಿರುಗ್ಸ್ತೀನಿ. ನೀವೇ ಟ್ಯೂಬಲ್ಲಿ ಕೂತ್ಕಂಡು ನೋಡಿ ಯೋಳಿ, ಅಣ್ಣ.”

ಕೆಲಸದವರೆಲ್ಲ ನೋಡುತ್ತಿದ್ದರು. ಪಾಪ, ಬೇರೆ ದಾರಿಯಿರಲಿಲ್ಲ, ಕೂತರು.

ಒಂದು ಕೆಲಸ ಕೆಟ್ಟಾಗ ನಾವು ಮೊದಲು ಕೇಳುವುದು ಯಾರು ಮಾಡಿದರು ಎಂದು. ವೈರಿಂಗ್ ಕೆಲಸ ನನಗೆ ಕಲಿಸಿದ್ದು, ಏನು ಜಗ್ಗುತ್ತಿದೆ ಎಂದು ಮೊದಲು ನೋಡುವುದನ್ನು. ಅದನ್ನೂ ಬೋಟು ಖಾಲಿ ಇರುವ ಗುರುವಾರವಲ್ಲ, ಕೆಲಸ ನಡೆಯುವ ಶನಿವಾರ ನೋಡಬೇಕು.

ಆ ಓಟದ ವಿಡಿಯೋ ಇನ್ನೂ ನನ್ನ ಫೋನಿನಲ್ಲಿದೆ. ಎಲ್ಲೂ ನಿಂತಿಲ್ಲ. ಗೋವಿಂದಪ್ಪ ಟ್ಯೂಬಿನ ಹಿಡಿಗಳನ್ನು ಎದೆಗೆ ಒತ್ತಿಕೊಂಡು, ದಡ ಬಿಟ್ಟಾಗಿನಿಂದಲೇ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಾರೆ. ಬೋಟು ವಾಲುತ್ತದೆ, ಹಗ್ಗ ಅಗಲವಾಗಿ ಸುತ್ತಿ ಬರುತ್ತದೆ, ಟ್ಯೂಬು ಅದರ ಹಿಂದೆ ಜಾರುತ್ತಾ ಬಂದು ನೇರವಾಗುತ್ತದೆ. ಪದ್ಮ ವೇಗ ಇಳಿಸುತ್ತಾಳೆ. ಆಗ ಅವರು ಕಣ್ಣು ತೆರೆಯದೆಯೇ ಕೂಗಿ ಕೇಳುತ್ತಾರೆ:

“ಪದ್ಮಾ, ತಿರುವು ಇನ್ನೂ ಎಷ್ಟು ದೂರ ಐತಮ್ಮಾ?”

“ಆಗ್ಲೇ ಹೋಯ್ತಣ್ಣ.”